ಐದನೆಯ ತಪಾಸಣೆ

ಗ್ಯಾಸ್ ಒಲೆ ರಿಪೇರಿ ಮಾಡುವವನ ನಸೀಬೇ ಹಾಗೆ. ಸಿಲಿಂಡರಿನಿಂದ ಸೋರುವುದು ಕಡಿಮೆ, ಮಂದಿಯ ಬಾಯಿಂದ ಸೋರುವುದು ಹೆಚ್ಚು. ಒಂದು ಮನೆಯಲ್ಲಿ ನಕ್ಕು ಹೊರಗೆ ಬಂದು ಗಾಡಿಗೆ ಕಿಕ್ ಹೊಡೆಯುವುದರೊಳಗೆ ಇನ್ನೊಂದು ಮನೆಯಿಂದ ಫೋನು ಬಂದಿರುತ್ತದೆ. ಹುಬ್ಬಳ್ಳಿ-ಧಾರವಾಡದ ಅಡಿಗೆ ಕಟ್ಟೆಗಳ ಕೆಳಗೆ ಬಗ್ಗಿ ಬಗ್ಗಿ ನನ್ನ ಬೆನ್ನು ಬಾಗಿತು, ನಾಲಿಗೆ ಮಾತ್ರ ನೆಟ್ಟಗಾಗಲಿಲ್ಲ. ನನ್ನ ತಾಯಿಯ ತವರು ಹುಬ್ಬಳ್ಳಿ ಹತ್ತಿರದ ಸುಳ್ಳ. ಊರಿನ ಹೆಸರೇ ಅದು, ನಾನಿಟ್ಟದ್ದಲ್ಲ. ಮುಂದೆ ಹೇಳುವುದರಲ್ಲಿ ಅಲ್ಲಲ್ಲಿ ಆ ಊರಿನ ವಾಸನೆ ಬಂದರೆ ಕಿಟಕಿ ತೆಗೆದಿಟ್ಟುಕೊಂಡು ಓದಿ.

ಮಾಸ್ತರರ ಚಹಾ

ಕೆಲಸ ಮುಗಿಯಿತೆಂದು ಹಾಗೇ ಎದ್ದು ಬರುವಂತಿಲ್ಲ ನಾವು. ನಾಲ್ಕು ತಪಾಸಣೆ ಇವೆ. ಬಿಚ್ಚಿ ಕೂಡಿಸಿದ ಕಡೆಯೆಲ್ಲ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ರಬ್ಬರ್ ಪೈಪಿನ ಮೇಲಿನ ತಾರೀಖು ಓದಬೇಕು. ಉರಿ ನೀಲಿ ಇರಬೇಕು. ಗಾಳಿ ಆಡಲು ಕಿಟಕಿ ತೆರೆದಿರಬೇಕು. ಈ ನಾಲ್ಕರಲ್ಲಿ ನಾನು ಎಂದೂ ಚೇಷ್ಟೆ ಮಾಡಿದವನಲ್ಲ. ಗ್ಯಾಸಿಗೆ ಚೇಷ್ಟೆ ತಿಳಿಯುವುದಿಲ್ಲ. ಐದನೆಯ ತಪಾಸಣೆ ಮಾತ್ರ ನನ್ನ ಸ್ವಂತದ್ದು.

ಅದು ಹುಟ್ಟಿದ್ದು ಧಾರವಾಡದ ಕೆಲಗೇರಿ ಕೆರೆಯ ಹತ್ತಿರದ ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ. ನಾನು ಹುಬ್ಬಳ್ಳಿಯವ. ನಮ್ಮಲ್ಲಿ ಒಲೆ ಬಿಚ್ಚುವ ಮೊದಲೇ ಚಹಾ ಬರುತ್ತದೆ. ಧಾರವಾಡದಲ್ಲಿ ಮಾತು ಬರುತ್ತದೆ. ಲೋಣಿಯಂಥ, ಅಂದರೆ ಬೆಣ್ಣೆಯಂಥ ಮಾತು, ಕೇಳಿದರೆ ಹೊಟ್ಟೆ ತುಂಬಬೇಕು.

"ಚಹಾ ಮಾಡಿಕೊಡ್ತಿದ್ದೆ ನೋಡ್ರಿ," ಎಂದರು ಮಾಸ್ತರರ ಹೆಂಡತಿ, ನಮ್ಮ ಬಾಯಲ್ಲಿ ವೈನಿ, "ಆದ್ರ ಒಲಿ ನೀವು ಬಿಚ್ಚಿಟ್ಟೀರಿ."

ಒಲೆ ಕೂಡಿಸಿದೆ. ನೊರೆ ಹಚ್ಚಿದೆ. ಉರಿ ನೀಲಿ ಬಂತು. ನಾನು ವೈನಿಯ ಮುಖ ನೋಡಿದೆ.

"ಈಗ ಒಲಿ ಸರಿ ಆತಲ್ಲ. ಮುಂದಿನ ಸಲ ಕೆಟ್ಟಾಗ ಬರ್ರಿ, ಖಂಡಿತ ಚಹಾ ಮಾಡೋಣಂತ," ಎಂದರು.

ಆಗ ನನ್ನ ನಾಲಿಗೆ ತಾನಾಗಿ ಹೊರಳಿತು. "ಇನ್ನೂ ಐದನೇ ತಪಾಸಣಿ ಉಳದೈತ್ರಿ ವೈನಿ. ಒಲಿ ಮ್ಯಾಲೆ ಹಾಲು, ಸಕ್ಕರಿ ಹಾಕಿ ಚಹಾ ಕುದಿಸಬೇಕು. ರಿಪೇರಿ ಮಾಡಿದವ ಅದನ್ನ ಕುಡೀಬೇಕು. ನಿಯಮ."

ಮಾಸ್ತರರು ಪೇಪರಿನಿಂದ ತಲೆ ಎತ್ತಿದರು. "ಬರೇ ನೀರು ಕುದಿಸಿದ್ರ ಸಾಲೂದಿಲ್ಲೇನು?"

"ನೀರಿಗೆ ಏನ್ ತಿಳೀತೈತ್ರಿ ಸರ್? ಹಾಲು ಉಕ್ಕುವಾಗ ಉರಿ ಸಣ್ಣ ಆಗಬೇಕು, ಸಕ್ಕರಿ ಕರಗುವಾಗ ದೊಡ್ಡದಾಗಬೇಕು. ಒಲಿ ಮಾತು ಕೇಳತೈತೋ ಇಲ್ಲೋ ಅನ್ನೂದು ಅಲ್ಲೇ ಗೊತ್ತಾಗೂದು."

ಜನ್ಮವಿಡೀ ಹುಡುಗರನ್ನು ನಿಯಮದ ಮೇಲೆ ನಿಲ್ಲಿಸಿದ ಮನುಷ್ಯ ಅವರು. "ನಿಯಮ ಅಂದಮ್ಯಾಲೆ ನಿಯಮ. ಇಡು ಚಹಾ," ಎಂದರು ಹೆಂಡತಿಗೆ.

ಧಾರವಾಡದ ಮನೆಯಲ್ಲಿ ಯಾಲಕ್ಕಿ ಹಾಕಿದ ಪೂರ್ತಿ ಒಂದು ಕಪ್ ಚಹಾ! ಕುಡಿದು ಬಾಯಿ ಒರೆಸಿಕೊಂಡು "ಒಲಿ ಪಾಸ್ ಆತ್ರಿ" ಎಂದೆ. ಗೇಟಿನ ತನಕ ಬಂದ ಮಾಸ್ತರರು ಆಚೀಚೆ ನೋಡಿ ಕೇಳಿದರು: "ಅಲ್ರೀ, ಈ ತಪಾಸಣಿ ಒಲಿ ರಿಪೇರಿಗೆ ಅಷ್ಟs ಹೌದಲ್ಲೋ? ಸಿಲಿಂಡರ್ ತರುವವರಿಗೆ ಇಲ್ಲಲ್ಲ?"

ಡ್ಯೂಟಿ ಅಂದರೆ ಡ್ಯೂಟಿ

ಅಂದಿನಿಂದ ಎರಡೂ ಊರಿನಲ್ಲಿ ನನ್ನ ಐದನೆಯ ತಪಾಸಣೆ ಬಿಡುವಿಲ್ಲದೆ ನಡೆಯಿತು. ಅದರ ಫಲ ನನ್ನ ರಕ್ತದಲ್ಲಿ ಸಿಕ್ಕಿತು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಹೆಂಡತಿ ಮನೆಯ ಸಕ್ಕರೆ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟಳೋ, ಇರುವೆಗಳೂ ಸಹ ಹುಡುಕುತ್ತ ನನ್ನ ಹತ್ತಿರ ಬಂದವು.

"ಹೊರಗಿನ ಚಹಾನೂ ಬಂದ್," ಎಂದಳು.

ಊಟ ಬಿಡು ಅನ್ನಿ, ಬಿಡುತ್ತೇನೆ. ಚಹಾ ಹೋದರೆ ನನ್ನೊಳಗೆ ಉಳಿಯುವುದು ಬರೀ ನಟ್ಟು ತಿರುಗಿಸುವ ಪಾನಾ, ಇಕ್ಕಳ.

"ಅಲ್ಲಾ, ನಾನೇನ್ ರುಚಿಗೆ ಕುಡೀತೇನೇನು? ಅದು ಐದನೇ ತಪಾಸಣಿ. ಕುಡೀಲಿಲ್ಲಂದ್ರ ಒಲಿ ಪಾಸ್ ಆಗೂದಿಲ್ಲ. ನಾಳೆ ಯಾರ ಮನ್ಯಾಗರೆ ಏನರೆ ಆದ್ರ ಆ ಪಾಪ ಯಾರಿಗೆ?"

"ಸಕ್ಕರಿ ಇಲ್ಲದ್ದು ಕುಡೀರಿ."

"ಸಕ್ಕರಿ ಇಲ್ಲಂದ್ರ ಉಕ್ಕೂ ರೀತಿನೇ ಬ್ಯಾರೆ! ತಪಾಸಣಿ ತಪ್ಪತೈತಿ."

ಅವಳು ನನ್ನ ಮುಖ ನೋಡಿದಳು. ಇನ್ನೇನು ಸಿಕ್ಕಿಬಿದ್ದೆ ಅಂದುಕೊಂಡೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಮ್ಮಪ್ಪ ಹೇಳಿದ್ದು ಖರೇ ಆತ್ ನೋಡ್ರಿ. ಗ್ಯಾಸಿನ ನೌಕರಿ ಜೀವಕ್ಕ ಕಂಟಕ ಅಂದಿದ್ರು. ಯಾವ ದಾರೀಲೆ ಅಂತ ಈಗ ತಿಳೀತು."

ಅಜ್ಜನ ಗ್ಯಾಸು

ಹುಬ್ಬಳ್ಳಿಯ ಒಂದು ಮನೆಯ ಸೊಸೆ ಫೋನು ಮಾಡಿ, "ಲಗೂನ ಬರ್ರಿ, ಗ್ಯಾಸಿನ ತ್ರಾಸ ಭಾಳ ಆಗೇತಿ" ಎಂದಳು. ಒಲೆಗೆಂದು ನನಗೂ, ಮಾವನ ಹೊಟ್ಟೆಗೆಂದು ಡಾಕ್ಟರಿಗೂ ಅವಳು ಅದೇ ಮಾತು ಹೇಳಿದ್ದಳು. ನಾನು ಹೋದಾಗ ಅವಳು ಮಾಳಿಗೆಯ ಮೇಲೆ ಅರಿವೆ ಒಣಹಾಕುತ್ತಿದ್ದಳು. ಪಡಸಾಲೆಯಲ್ಲಿ ಅಜ್ಜ ಒಬ್ಬರೇ. ನನ್ನ ಕೈಯ ಚೀಲ ನೋಡಿ ಕುರ್ಚಿ ತೋರಿಸಿದರು.

"ಗ್ಯಾಸಿನ ತ್ರಾಸ ಯಾವಾಗಿಂದ್ರಿ?" ಎಂದೆ.

"ಮೊನ್ನೆ ಮಿರ್ಚಿ ಬಜಿ ತಿಂದಾಗಿಂದ್ರಿ ಡಾಕ್ಟರ."

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ತಿಳಿದ ಮೇಲೆ ಒಳ್ಳೆಯವನಾಗಿದ್ದರೆ ನಕ್ಕು ಹೇಳಿಬಿಡುತ್ತಿದ್ದೆ.

"ಸಪ್ಪಳ ಬರತೈತೇನ್ರಿ?"

ಅಜ್ಜ ದನಿ ತಗ್ಗಿಸಿದರು. "ಬರತೈತ್ರಿ. ನಾಕ್ ಮಂದ್ಯಾಗ ಕುಂದ್ರೂದ ಬಿಟ್ಟೇನಿ."

"ವಾಸನಿ?"

"ಅದನ್ನ ನಮ್ಮ ಸೊಸಿಗೆ ಕೇಳ್ರಿ. ನಮಗೇನ್, ರೂಢಿ ಆಗೇತಿ."

"ಪೈಪ್ ಯಾವಾಗ ಬದಲಿ ಮಾಡಿಸೀರಿ?"

"ಪೈಪ?" ಅಜ್ಜ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. "ಹುಟ್ಟಿದಾಗಿಂದ ಅದs ಐತಲ್ರಿ!"

"ಅದಕ್ಕs ನೋಡ್ರಿ. ತಾರೀಖು ಮುಗದಿರತೈತಿ. ಇರಲಿ, ಮೊದಲ ಸಾಬೂನಿನ ನೊರಿ ಹಚ್ಚಿ ನೋಡೋಣು. ಎಲ್ಲಿ ಗುಳ್ಳಿ ಏಳತಾವು ಅಲ್ಲಿ ಬಿಗಿ ಮಾಡಿಬಿಡತೇನಿ." ಹೀಗೆ ಹೇಳುತ್ತ ಚೀಲದಿಂದ ದೊಡ್ಡ ಪಾನಾ ತೆಗೆದೆ.

ಅಜ್ಜ ಕೋಲನ್ನು ಅಲ್ಲೇ ಬಿಟ್ಟು ಎದ್ದರು. ಮೊಣಕಾಲು ನೋವೆಂದು ವರ್ಷಗಟ್ಟಲೆ ಅಂಗಳ ದಾಟದವರು ಅವರಂತೆ. ಬಾಗಿಲಲ್ಲಿ ಖರೇ ಡಾಕ್ಟರು ಎದುರಾದರು. ಅಜ್ಜ ಅವರನ್ನು ತಳ್ಳಿಕೊಂಡು ಹೊರಗೆ ಓಡುತ್ತ ಕೂಗಿದರು: "ನಂದು ಆರಾಮ ಆತ್ರಿ! ಒಳಗ ಒಬ್ಬಾವ ಕುಂತಾನ, ಅವನ ತಲಿ ನೋಡ್ರಿ!"

ಮಡಿ ನೊರೆ

ಧಾರವಾಡದ ಇನ್ನೊಂದು ಮನೆಯ ಅಜ್ಜಿ ಮಡಿಯಲ್ಲಿದ್ದರು. "ನಿನ್ನ ಸಾಬೂನಿನ ನೀರು ನನ್ನ ಒಲಿಗೆ ಮುಟ್ಟಸಬ್ಯಾಡಪಾ, ಅದರಾಗ ಏನೇನು ಹಾಕಿರ್ತಾರೋ ಏನೋ" ಎಂದು ಹಠ ಹಿಡಿದರು. ನೊರೆ ಹಚ್ಚದೆ ನಾನೂ ಏಳುವುದಿಲ್ಲ ಎಂದೆ. ಕಡೆಗೆ ಅಜ್ಜಿಯೇ ಅಂಟುವಾಳ ಕಾಯಿ ನೆನೆಸಿ, ಕಿವುಚಿ, ಒಂದು ಬಟ್ಟಲು ಮಡಿ ನೊರೆ ಮಾಡಿಕೊಟ್ಟರು. ಹಚ್ಚಿದೆ. ಪೈಪಿನ ಬುಡದಲ್ಲಿ ದ್ರಾಕ್ಷಿ ಗೊಂಚಲಿನಂತೆ ಗುಳ್ಳೆ ಎದ್ದವು.

"ಅಜ್ಜೀ, ಸೋರಾಕತ್ತೈತ್ರಿ!" ಎಂದು ಚೀರಿ ರೆಗ್ಯುಲೇಟರ್ ಬಂದ್ ಮಾಡಿದೆ.

ಅಜ್ಜಿ ಸಮಾಧಾನದಿಂದ ಹೇಳಿದರು: "ಸೋರಲಿ ಬಿಡು, ಮೈಲಿಗಿ ಅಂತೂ ಆಗಲಿಲ್ಲ."

ಕಿಟಕಿಯ ಜಗಳ

ಧಾರವಾಡದಲ್ಲಿ ಕಲ್ಲು ಎಸೆದರೆ ಹಾಡುವವರ ಮೇಲೆ ಬೀಳುತ್ತದೆ ಅನ್ನುತ್ತಾರೆ. ಕೆಲವರನ್ನು ಕೇಳಿದ ಮೇಲೆ ಆ ಕಲ್ಲು ಎಸೆದವರು ಯಾಕೆ ಎಸೆದರೆಂದು ತಿಳಿಯುತ್ತದೆ. ಅಂಥ ಒಬ್ಬ ರಾಯರ ಬಚ್ಚಲಿನ ಗ್ಯಾಸ್ ಗೀಜರು ರಿಪೇರಿಗೆ ಬಂತು. ರಿಪೇರಿಯಾಯಿತು, ನೊರೆ ನೋಡಿದೆ, ಕಡೆಗೆ ಗಾಳಿಯ ತಪಾಸಣೆ. ಬಚ್ಚಲಿನ ಕಿಟಕಿ ತೆಗೆಯಲು ಹೋದರೆ ಬರಲೊಲ್ಲದು. ಹೊರಗೆ ಹೋಗಿ ನೋಡಿದರೆ ಯಾರೋ ಆ ಕಡೆಯಿಂದ ಹಲಗೆ ಇಟ್ಟು ಮೊಳೆ ಹೊಡೆದಿದ್ದಾರೆ!

ನಾನು ಹಲಗೆ ಕೀಳತೊಡಗಿದ್ದೇ ತಡ, ಪಕ್ಕದ ಮನೆಯವರು ಕಾಂಪೌಂಡ್ ಮೇಲೆ ಕಾಣಿಸಿಕೊಂಡರು. "ಅದನ್ನ ಮುಟ್ಟಬ್ಯಾಡ್ರಿ! ಓಣಿಯವರೆಲ್ಲಾ ಕೂಡಿ ಹೊಡದೇವಿ."

"ಕಿಟಕಿ ಮುಚ್ಚಿದ್ರ ಬಚ್ಚಲಾಗ ಕೆಟ್ಟ ಗಾಳಿ ತುಂಬತೈತ್ರಿ. ಸ್ನಾನಕ್ಕ ಹೋದವರು ಅಲ್ಲೇ ಬೀಳತಾರ. ಜೀವದ ಪ್ರಶ್ನೆ," ಎಂದೆ.

"ನಮ್ಮದೂ ಜೀವದ ಪ್ರಶ್ನೇನs. ಕಿಟಕಿ ಮುಚ್ಚಿದ್ರ ಅವರು ಒಬ್ಬರು. ತಗದ್ರ ಇಡೀ ಓಣಿ!"

ಒಳಗಿನಿಂದ ರಾಯರು, "ಯಾರದು? ನನ್ನ ಸಂಗೀತದ ಸುದ್ದಿ ಮಾತಾಡ್ಲಿಕ್ಹತ್ತಾರೇನು?" ಎಂದು ಸಂತೋಷದಿಂದ ಬಂದರು.

ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗೀಜರು ಬಿಟ್ಟುಬರುವವನು ನಾನಲ್ಲ. ಹಲಗೆಯನ್ನೂ ಕಿತ್ತೆ, ಗೀಜರನ್ನೂ ಕಿತ್ತು ಹೊರಗಿನ ಗೋಡೆಗೆ ಹಾಕಿ, ಒಳಗೆ ಬಿಸಿನೀರಿನ ನಳ ಮಾತ್ರ ಬಿಟ್ಟೆ. ಇನ್ನು ಕಿಟಕಿ ತೆಗೆದರೂ ಸೈ, ಮುಚ್ಚಿದರೂ ಜೀವಕ್ಕೆ ಭಯವಿಲ್ಲ; ಆ ಖುಷಿಗೆ ಎರಡೂ ಮನೆಯವರು ಚಹಾ ಕೊಟ್ಟರು. ಮನೆಗೆ ಬಂದಾಗ ಹೆಂಡತಿ ಯಾಲಕ್ಕಿ ವಾಸನೆ ಹಿಡಿದು, "ಇವತ್ತೂ ಡ್ಯೂಟಿ ಜೋರಿತ್ತೇನ್ರಿ?" ಎಂದು ಮರುಗಿದಳು. ಮರುದಿನ ರಾಯರ ಫೋನು: "ಉಪಕಾರ ಆತ್ರಿ. ಗೀಜರಿನ ಸಪ್ಪಳ ಹೊರಗ ಹೋತಲ್ಲ, ಈಗ ನನ್ನ ಧ್ವನಿ ಛಲೋ ಕೇಳಸ್ತದ ಅಂತ ಓಣಿಯವರು ಮತ್ತ ಹಲಗಿ ತರ್ಲಿಕ್ಕೆ ಹೋಗ್ಯಾರ!"

ಮೇಡಂ ಬಂದರು

ಹೀಗೆ ಸುಖವಾಗಿದ್ದಾಗ ಮೈಸೂರು ಕಡೆಯ ಒಬ್ಬರು ಮೇಡಂ ನಮ್ಮ ಗ್ಯಾಸ್ ಆಫೀಸಿಗೆ ಸುರಕ್ಷತಾ ಅಧಿಕಾರಿಯಾಗಿ ಬಂದರು. ನಗುವುದಕ್ಕೆ ಅರ್ಜಿ ಹಾಕಬೇಕು ಅನ್ನುವಂಥ ಮುಖ. "ದೀಪದ ಬುಡದಲ್ಲೇ ಕತ್ತಲೆ ಇರೋದು. ಮೊದಲು ಮೆಕ್ಯಾನಿಕ್‌ಗಳ ಮನೆ ನೋಡ್ತೀನಿ," ಎಂದು ನೆಟ್ಟಗೆ ನಮ್ಮ ಮನೆಗೇ ಬಂದರು.

ನೊರೆ ಹಚ್ಚಿದರು, ಗುಳ್ಳೆ ಇಲ್ಲ. ಪೈಪಿನ ತಾರೀಖು ಓದಿದರು, ಮುಗಿದಿತ್ತು. ನನ್ನನ್ನು ಒಂದು ನೋಟ ನೋಡಿ ಹೊಸದು ಹಾಕಿಸಿದರು. ಉರಿ ನೋಡಿದರು, ಕಿಟಕಿ ನೋಡಿದರು. "ಮುಗೀತು," ಎಂದು ಚೀಲ ಹೆಗಲಿಗೇರಿಸಿದರು. ನನ್ನ ಜೀವ ಇನ್ನೇನು ತಣ್ಣಗಾಗಬೇಕು, ಅಷ್ಟರಲ್ಲಿ ಹೆಂಡತಿ ಅಡ್ಡ ಬಂದಳು.

"ಮೇಡಂ, ಐದನೇದು ಉಳೀತಲ್ರಿ!"

"ಐದನೇದಾ? ಯಾವುದು?"

"ಚಹಾದ್ದು. ಹಾಲು, ಸಕ್ಕರಿ ಹಾಕಿ ಕುದಿಸಿ, ತಪಾಸಣಿ ಮಾಡಿದವರು ಕುಡೀಬೇಕಲ್ರಿ. ನಮ್ಮನಿಯವರು ಮೈಯಾಗ ಸಕ್ಕರಿ ಕಾಯಿಲಿ ಇಟ್ಟಕೊಂಡು ದಿನಾ ಮನಿ ಮನಿಯಾಗ ಕುಡದ ಬರತಾರ. ನೀವು ಬ್ಯಾಡಂದ್ರ ಹೆಂಗ್ರಿ?"

ಮೇಡಂ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಹೆಂಡತಿಯ ಬೆನ್ನ ಹಿಂದೆ ನಿಂತು, ರೆಗ್ಯುಲೇಟರ್ ಬಂದ್ ಮಾಡುವ ಹಾಗೆ ಬಾಯಿಯ ಹತ್ತಿರ ಕೈ ತಿರುಗಿಸಿ ತಿರುಗಿಸಿ ತೋರಿಸಿದೆ. ಕೈ ಮುಗಿದೆ. ಕಿವಿ ಹಿಡಿದುಕೊಂಡೆ. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಹೌದು," ಎಂದರು ಮೇಡಂ. "ಐದನೇ ತಪಾಸಣೆ ಇದೆ."

ಆ ತಾಯಿಯ ಕಾಲಿಗೆ ಅಲ್ಲೇ ಬೀಳೋಣ ಅನ್ನಿಸಿತು.

"ಆದರೆ ನಿಯಮ ಬದಲಾಗಿದೆ. ಇವರು ಮನೇಲಿ ಹೇಳಿಲ್ವಾ? ಹಾಲು ಉಕ್ಕಿದರೆ ಬರ್ನರ್ ತೂತು ಕಟ್ಟುತ್ತೆ. ಅದಕ್ಕೆ ಈಗ ಚಹಾ ಇಲ್ಲ. ನೀರಿಗೆ ಮೆಂತ್ಯ ಹಾಕಿ, ಕಪ್ಪಗಾಗೋ ತನಕ ಕುದಿಸಬೇಕು. ಮೆಕ್ಯಾನಿಕ್ ಅದನ್ನ ನಿಂತಲ್ಲೇ ಪೂರ್ತಿ ಕುಡೀಬೇಕು. ಮುಖ ಹಿಂಡಿದರೆ ಒಲೆ ಫೇಲ್."

"ಅಧಿಕಾರಿಗಳು ಕುಡೀಬೇಕೇನ್ರಿ?" ಎಂದಳು ಹೆಂಡತಿ.

"ಇಲ್ಲ. ಅಧಿಕಾರಿಗಳು ನಿಂತು ನೋಡಬೇಕು."

ನಿಂತು ನೋಡಿದರು. ಬಟ್ಟಲು ಬರಿದಾದ ಮೇಲೆಯೇ ಮೆಟ್ಟಿಲು ಇಳಿದರು. ಇಳಿಯುವಾಗ ಅವರ ಭುಜ ಕುಲುಕುತ್ತಿತ್ತು ಅಂತ ನನ್ನ ಅನುಮಾನ.

ಹೆಂಡತಿ ಅಂದೇ ತನ್ನ ಭಜನಾ ಮಂಡಳಿಯ ವಾಟ್ಸಾಪಿಗೆ ಹೊಸ ನಿಯಮ ಹಾಕಿದಳು. ಹುಬ್ಬಳ್ಳಿಯ ಮಂಡಳಿಯಿಂದ ಅದು ಧಾರವಾಡದ ಮಂಡಳಿಗಳಿಗೆ ಹೋಯಿತು. ಅಲ್ಲಿನವರಿಗೆ ಇದಕ್ಕಿಂತ ಛಲೋ ನಿಯಮ ಬೇಕೇ? ಹಾಲೂ ಉಳಿಯಿತು, ಸಕ್ಕರೆಯೂ ಉಳಿಯಿತು.

ಮೊನ್ನೆ ಕೆಲಗೇರಿಯ ಮಾಸ್ತರರ ಒಲೆ ಮತ್ತೆ ಕೆಟ್ಟಿತು. ಕೆಟ್ಟಿತೋ, ಕೆಡಿಸಿದರೋ, ನಾನು ಕೇಳಲಿಲ್ಲ. ನಾನು ನೊರೆ ಹಚ್ಚುವ ಮೊದಲೇ ಪಕ್ಕದ ಮನೆಯ ಒಲೆಯ ಮೇಲೆ ಮೆಂತ್ಯ ಕುದಿಸಿ ತಂದಿಟ್ಟಿದ್ದರು. ಕುಡಿದೆ. ಮುಖ ಹಿಂಡಲಿಲ್ಲ. ಬಟ್ಟಲು ಕೆಳಗಿಟ್ಟೆ. ಆಗ ವೈನಿ, ಆ ಊರಿನಲ್ಲಿ ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದ ಮಾತನ್ನು ಬಾಯ್ತುಂಬ ಆಡಿದರು:

"ಅಯ್ಯ, ಇಷ್ಟs ಏನ್ರಿ? ಸಂಕೋಚ ಮಾಡಬ್ಯಾಡ್ರಿ, ಇನ್ನೊಂದು ಕಪ್ಪು ತಗೋರಿ!"