ಕುಡಿದ ಪ್ಲಾಸ್ಟಿಕ್ಕು, ನಡುಗಿದ ನಾನು

ನಾನು ಸುಮ್ಮನಿದ್ದರೂ ತರಲೆಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ನಾನು ಸುಮ್ಮನಿರೋದಿಲ್ಲ ಅನ್ನೋದು ಬೇರೆ ಮಾತು.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ನಮ್ಮಪ್ಪ ನನ್ನನ್ನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿಗೆ ಸೇರಿಸಿದ. ಗಾಜಿನಂಥ ಪ್ಲಾಸ್ಟಿಕ್ ಶೀಟಿನಲ್ಲಿ ಶೋಕೇಸ್ ಮಾಡುವ ಜಾಗ ಅದು. "ಇಲ್ಲೂ ನಿಲ್ನಿಲ್ಲ ಅಂದ್ರೆ ವಾಪಸ್ ಬಂದು ರೇಷ್ಮೆ ಹುಳಕ್ಕೆ ಸೊಪ್ಪಾಕು, ಜೀವಮಾನ ಪೂರ್ತಿ" ಅಂದ. ಹುಳ ಕಂಡರೆ ನನಗೆ ಮೈ ಜುಂ ಅನ್ನುತ್ತೆ. ಹಾಗಾಗಿ ಕೆಲಸ ಹೋಗುತ್ತೆ ಅನ್ನೋದಕ್ಕಿಂತ ದೊಡ್ಡ ಭಯ ನನಗಿರಲಿಲ್ಲ.

ಅಲ್ಲಿ ಶೀಟು ಜೋಡಿಸೋಕೆ ಗೋಂದು ಇಲ್ಲ. ನೀರಿನಂಥ ಒಂದು ಕೆಮಿಕಲ್ಲನ್ನು ಸಿರಿಂಜಿನಲ್ಲಿ ಅಂಚಿಗೆ ಬಿಡಬೇಕು. ಶೀಟು ಅದನ್ನು ಹೀರಿ ಮೆತ್ತಗಾಗುತ್ತೆ, ಎರಡು ಅಂಚು ಒಂದಾಗುತ್ತೆ. ಎರಡು ದಿನ ಬಿಟ್ಟರೆ ಕೆಮಿಕಲ್ ಆರಿ ಮತ್ತೆ ಕಲ್ಲಿನಂಗಾಗುತ್ತೆ. ನಮ್ಮ ಮೇಸ್ತ್ರಿ ಹೇಳೋದು ಇಷ್ಟೇ: "ಅದು ಕುಡ್ದೈತೆ ಕಣ್ಲಾ. ಇಳಿಯೋಗಂಟ ಮುಟ್ಬ್ಯಾಡ."

ಸೂಪರ್‌ವೈಸರ್ ಪೆನ್ನು

ಐದು ನಿಮಿಷ ತಡವಾದರೂ ಸೂಪರ್‌ವೈಸರ್ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಹಾಕೋರು. ನನ್ನ ಹೆಸರಿನ ಸಾಲು ಸಿಡುಬು ಬಂದಂಗಿತ್ತು. ಒಂದು ದಿನ ಊಟದ ಹೊತ್ತಲ್ಲಿ ಅವರ ಪ್ಲಾಸ್ಟಿಕ್ ಪೆನ್ನನ್ನು ಡಬ್ಬಿಯೊಳಗೆ ನೇತುಹಾಕಿ, ತಳಕ್ಕೆ ಒಸಿ ಕೆಮಿಕಲ್ ಹಾಕಿ ಮುಚ್ಚಿದೆ. ಬರೀ ಆವಿ ಕುಡಿದೇ ಪೆನ್ನು ಮೆತ್ತಗಾಯ್ತು.

ಸೂಪರ್‌ವೈಸರ್ ಸಾಹೇಬರು ಬಂದು ಒತ್ತಿ ಬರೆದರು. ಪೆನ್ನು ಶಾವಿಗೆಯಂತೆ ಬಗ್ಗಿತು. ಅವರು ಪೆನ್ನು ನೋಡಲಿಲ್ಲ, ತಮ್ಮ ಬೆರಳು ನೋಡಿಕೊಂಡರು.

"ಅಯ್ಯೋ, ನನ್ ಕೈ ಹೋಯ್ತು ಕಣ್ರೋ! ನಮ್ಮಪ್ಪಂಗೂ ಲಕ್ವ ಹಿಂಗೇ ಶುರುವಾಗಿದ್ದು!"

ನಾನು ಗಾಬರಿಯಾಗಿ ನೀರು ಕುಡಿಸಿದೆ. "ನಿನ್ನ ಕೆಂಪು ಗುರುತೆಲ್ಲ ಅಳಿಸ್ತೀನಿ ಮಗಾ" ಅಂತ ಕಣ್ಣೀರು ಹಾಕಿದರು. ಅಷ್ಟರಲ್ಲಿ ಮೇಜಿನ ಅಂಚಲ್ಲಿದ್ದ ಪೆನ್ನು ತಾನಾಗೇ ತಲೆ ಬಗ್ಗಿಸಿತು. ಸಾಹೇಬರು ಅದನ್ನು ನೋಡಿದರು. ನನ್ನನ್ನು ನೋಡಿದರು.

"ಇನ್ನೊಂದು ತರಲೆ ಮಾಡು, ಗೇಟಿಂದಾಚೆ!"

ಆವತ್ತಿನ ಗುರುತು ಮರದ ಪೆನ್ಸಿಲಲ್ಲಿ ಬಿತ್ತು.

ನಡೆಯುವ ಗೊಂಬೆಗಳು

ಚನ್ನಪಟ್ಟಣದ ಗೊಂಬೆ ಅಂಗಡಿಯೊಂದಕ್ಕೆ ಅರ್ಜೆಂಟಾಗಿ ಶೋಕೇಸ್ ಬೇಕಿತ್ತು. ಮೇಸ್ತ್ರಿ ರಜೆ. ತಡವಾದರೆ ಬೈತಾರೆ ಅಂತ ಹೆದರಿ, ನಾನೇ ಅಂಟಿಸಿ, ಎರಡು ದಿನ ಕಾಯದೆ ಆವತ್ತೇ ಟೆಂಪೋಗೆ ಹಾಕಿಬಿಟ್ಟೆ.

ಮಾರನೇ ದಿನ ಅಂಗಡಿಯವನ ಫೋನು. "ಸಾರ್, ಗೊಂಬೆ ನಡೀತಾವೆ."

"ಎಲ್ಲಿಗೆ?" ಅಂದರು ಸೂಪರ್‌ವೈಸರ್.

"ಕೆಳಕ್ಕೆ!"

 ಅವರೂ ನಾನೂ ಬೈಕಿನಲ್ಲಿ ಹೋದೆವು. ಮುಚ್ಚಿದ ಶೋಕೇಸಿನೊಳಗೆ ಒಂದು ಮರದ ರಾಜ ಮೆಲ್ಲಗೆ ಮುಂದೆ ಬಂದ, ತಲೆ ಅಲ್ಲಾಡಿಸಿದ, ದೊಪ್ಪನೆ ಬಿದ್ದ. ಸೂಪರ್‌ವೈಸರ್ ಹಾರಿ ನನ್ನನ್ನೇ ತಬ್ಬಿಕೊಂಡರು. ಗೊಂಬೆ ನಿಂತಿದ್ದ ಪ್ಲಾಸ್ಟಿಕ್ ಹಲಗೆಯ ಜೋಡಣೆ ಇನ್ನೂ ಹಸಿಯಾಗಿ ಕುಸಿಯುತ್ತಿದೆ ಅಂತ ನನಗೊಬ್ಬನಿಗೇ ಗೊತ್ತು.

ಅಂಗಡಿಯವನ ತಾಯಿ, "ದೃಷ್ಟಿ ಆಗೈತೆ ಕಣಪ್ಪ" ಅಂತ ಅದಕ್ಕೊಂದು ನಿಂಬೆಹಣ್ಣು ಕಟ್ಟಿದರು. ನಾನು ಹಲಗೆ ನೆಟ್ಟಗೆ ಮಾಡಿ ಕೆಳಗೆ ಒಂದು ಮರದ ತುಂಡು ಆನಿಸಿದೆ. ಎರಡು ದಿನಕ್ಕೆ ಎಲ್ಲ ಗಟ್ಟಿಯಾಯ್ತು.

ಮುಂದಿನ ಶೋಕೇಸಿಗೆ ಸೂಪರ್‌ವೈಸರ್ ಶೆಡ್ಡಿನಲ್ಲೇ ನಿಂಬೆಹಣ್ಣು ಕಟ್ಟಿಸಿ ಕಳಿಸಿದರು.

ತಾತನ ಹಲ್ಲುಸೆಟ್ಟು

ಇದೊಂದನ್ನು ನಾನು ತರಲೆಗೆ ಮಾಡಿದ್ದಲ್ಲ, ದೇವರಾಣೆ.

ನಮ್ಮ ವಾಚ್‌ಮನ್ ತಾತ ಶನಿವಾರ ಮಧ್ಯಾಹ್ನ ತನ್ನ ಹಲ್ಲುಸೆಟ್ಟು ತೆಗೆದು ನನ್ನ ಕೈಗಿಟ್ಟ. "ನಾಳೆ ಮೊಮ್ಮಗಳ್ನ ನೋಡಕ್ಕೆ ಗಂಡಿನ್ ಕಡೆಯೋರು ಬತ್ತಾವ್ರೆ ಕಣ್ಲಾ. ಎಲೆಅಡಿಕೆ ಕರೆ ಒಸಿ ತೆಗ್ದುಕೊಡು."

ಬಟ್ಟೆಯಲ್ಲಿ ಉಜ್ಜಿದರೆ ಹೋಗಲಿಲ್ಲ. ಒಂದು ಮುಚ್ಚಳದಲ್ಲಿ ಕೆಮಿಕಲ್ ಹಾಕಿ ಅದ್ದಿಟ್ಟೆ. ಅಷ್ಟರಲ್ಲಿ ಮೇಸ್ತ್ರಿ ಶೀಟು ಎತ್ತೋಕೆ ಕರೆದ. ವಾಪಸ್ ಬಂದು ನೋಡಿದರೆ ಕರೆ ಹೋಗಿತ್ತು, ಜೊತೆಗೆ ಗಟ್ಟಿತನವೂ ಹೋಗಿತ್ತು. ಸೆಟ್ಟಿನ ಒಸಡಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಒತ್ತಿ ಕೂತಿತು. ಸೋಪು ಹಾಕಿ ಹತ್ತು ಸಲ ತೊಳೆದೆ. ಎರಡು ದಿನ ಒಣಗಲಿ ಅನ್ನುವಷ್ಟರಲ್ಲಿ ತಾತ ಕಿತ್ತುಕೊಂಡು, ಬಾಯಿಗೆ ಹಾಕಿಕೊಂಡು, ಬಸ್ಸು ಹತ್ತಿಬಿಟ್ಟ.

ಭಾನುವಾರ ನನಗೆ ಮುದ್ದೆ ಇಳಿಯಲಿಲ್ಲ. ತಾತ ಸತ್ತನೋ, ಸಂಬಂಧ ಮುರೀತೋ, ಪೊಲೀಸು ಬಂದರೋ. ಸೋಮವಾರ ಗೇಟಿನಲ್ಲಿ ತಾತ ಇರಲಿಲ್ಲ. 

ಹತ್ತು ಗಂಟೆಗೆ ತಾತ ಬಂದ. ಸೂಪರ್‌ವೈಸರ್ ಎದುರಿಗೇ ನನ್ನ ಕಾಲರ್ ಹಿಡಿದ.

"ಏನ್ಲಾ ಮಾಡ್ದೆ ನನ್ ಹಲ್ಲಿಗೆ?"

ನಾನು ದಬಕ್ಕನೆ ಕಾಲಿಗೆ ಬಿದ್ದೆ. "ತಪ್ಪಾಯ್ತು ತಾತ! ಕೆಮಿಕಲ್ಲಿಗೆ ಹಾಕಿದ್ದು ನಾನೇ! ಗೊಂಬೆ ಬೀಳ್ಸಿದ್ದೂ ನಾನೇ! ದೃಷ್ಟಿಯೂ ಇಲ್ಲ, ಗಿಷ್ಟಿಯೂ ಇಲ್ಲ!"

ತಾತ ಕಾಲು ಹಿಂದಕ್ಕೆಳೆದುಕೊಂಡ.

"ಯಾವ ಗೊಂಬೆ?" ಅಂದ ತಾತ. "ಐದು ವರ್ಷದಿಂದ ಬಾಯೊಳಗೆ ಲೊಟಲೊಟ ಅಂತಿತ್ತು. ಮೆತ್ತಗಿದ್ದದ್ದು ನನ್ ಒಸಡಿಗೇ ಒತ್ಕಂಡು ಈಗ ಅಚ್ಚು ಹೊಯ್ದಂಗೆ ಕುಂತೈತೆ. ಗಂಡಿನ್ ಕಡೆಯೋರ ಮುಂದೆ ಚಕ್ಲಿ ಕಡ್ದೆ ಕಣ್ಲಾ! ಸಂಬಂಧ ಒಪ್ಪವ್ರೆ!"

ಗೇಟಿನ ಹತ್ತಿರ ತಾತನ ಊರಿನ ಐದು ಜನ ಮುದುಕರು ಕೂತಿದ್ದರು. ಐವರ ಬಾಯಿಯೂ ಖಾಲಿ, ಐವರ ಕೈಯಲ್ಲೂ ಕರ್ಚೀಫಿನ ಗಂಟು.

ಸೂಪರ್‌ವೈಸರ್ ಕಣ್ಣು ಕೆಂಪಗಾಗಿತ್ತು. ನನ್ನನ್ನು ರಟ್ಟೆ ಹಿಡಿದು ಸ್ಟೋರ್ ರೂಮಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ಬಿತ್ತು ಏಟು ಅಂತ ಕಣ್ಣು ಮುಚ್ಚಿದೆ. ಅಂಗೈಗೆ ಏನೋ ಒದ್ದೆಯಾಗಿ ಬಿತ್ತು. ಕಣ್ಣು ಬಿಟ್ಟರೆ ಸಾಹೇಬರ ಕೆನ್ನೆ ಒಳಗೆ ಹೋಗಿತ್ತು.

"ಮೊದ್ಲು ನಂದು ಮಾಡು," ಅಂದರು ಬೊಚ್ಚುಬಾಯಲ್ಲಿ. "ಆಮೇಲೆ ನಿನ್ನ ಕೆಲಸದಿಂದ ತೆಗೀತೀನಿ."