ಚಿಕ್ಕಮ್ಮನ ಸಿನಿಮಾ ಮತ್ತು ಒಂದು ‘ಯವ್ವಾ’

ನಮ್ಮ ಚಿಕ್ಕಮ್ಮನನ್ನು ಮೆಚ್ಚಿಸುವವರು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಆಕೆ ಅವರನ್ನು ತಿರುಗಿಸಿ ನೋಡಿ, ಹೊಲಿಗೆ ಸೊಟ್ಟಗಿದೆ ಎಂದು ವಾಪಸ್ ಕಳಿಸಿರುತ್ತಾಳೆ! ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಆಕೆಗೆ ಚೆಕಿಂಗ್ ಕೆಲಸ. ಅಂಗಿಯಲ್ಲಿ ಎಲ್ಲಿ ತಪ್ಪಿದೆಯೋ ಅಲ್ಲಿಗೆ ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ಅಂಟಿಸಬೇಕು. ಅದು ಕಾರ್ಖಾನೆಗೇ ಮುಗಿಯಬೇಕಲ್ಲ? ನಮ್ಮಮ್ಮ ದೋಸೆ ಸೀಯಿಸಿದರೆ ತಟ್ಟೆಗೂ ಬಾಣ, ನೋಡಲು ಬಂದ ವರಗಳ ಫೋಟೊಗೂ ಬಾಣ! ಹಾಗಾಗಿ ಐವತ್ತು ಹತ್ತಿರ ಬಂದರೂ ಮದುವೆಯಿಲ್ಲ.

ಇಂಥ ಚಿಕ್ಕಮ್ಮ ಒಂದು ದಿನ ಮನೆಗೆ ಬಂದು, “ಪುಟ್ಟಿ, ನಾನೊಂದು ಶಾರ್ಟ್ ಫಿಲಂ ತೆಗೀತೀನಿ. ನಿನ್ ಫೋನು ಚೆನ್ನಾಗೈತೆ, ಭಾನುವಾರ ಬಂದ್ಬಿಡು,” ಎಂದಳು.

“ಏನು ಕಥೆ?”

“ಲವ್ ಸ್ಟೋರಿ. ಮಾತು ಬಿಟ್ಟಿರೋ ಸ್ನೇಹಿತರಿಬ್ರು ಮತ್ತೆ ಒಂದಾಗ್ತಾರೆ.”

ನಾನು ನಗು ನುಂಗಿಕೊಂಡೆ. ಈ ಕಥೆ ಇಡೀ ಬಂಧುಬಳಗಕ್ಕೆ ಗೊತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿರುವವಳು ಚಿಕ್ಕಮ್ಮ ಒಬ್ಬಳೇ.

ಅದೇ ಕಾರ್ಖಾನೆಯಲ್ಲಿ ರಾಯಚೂರು ಕಡೆಯ ಮೆಕ್ಯಾನಿಕ್ ಒಬ್ಬರಿದ್ದರು, ಹೊಲಿಗೆ ಮಷೀನು ರಿಪೇರಿ ಮಾಡುವವರು. ಅವರೂ ಒಂಟಿ. ಇಬ್ಬರೂ ಬಹಳ ಕಾಲ ಡಬ್ಬಿಯ ಪಲ್ಯ ಹಂಚಿಕೊಂಡು ಉಂಡವರು. ಒಂದು ದಿನ ಅವರು ಎಲ್ಲರೆದುರು, “ಬಾ ಯವ್ವಾ, ಚಾ ಕುಡಿಯೂಣು,” ಎಂದುಬಿಟ್ಟರು. ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಆನೇಕಲ್ಲಿನಲ್ಲಿ ಹುಟ್ಟಿ ಬೆಳೆದ ಚಿಕ್ಕಮ್ಮನಿಗೆ ಅವ್ವ ಎಂದರೆ ಹೆತ್ತ ತಾಯಿ, ಹಲ್ಲು ಬಿದ್ದ ಮುದುಕಿ! “ನಾನು ನಿಮ್ಗೆ ಅವ್ವನಾ?” ಎಂದು ಎದ್ದು ಹೋದವಳು ವರ್ಷಗಟ್ಟಲೆ ಅವರತ್ತ ತಿರುಗಿ ನೋಡಲಿಲ್ಲ. ಈಗ ಅವರು ಕೆಲಸ ಬಿಟ್ಟು, ಸೋಮವಾರದ ಬಸ್ಸಿಗೆ ಊರಿಗೆ ಹೊರಟಿದ್ದಾರೆ, ಇನ್ನು ಬರುವುದಿಲ್ಲ ಎಂಬ ಸುದ್ದಿ ಬಂದಿತ್ತು. ಹೋಗಿ ಮಾತಾಡಿದರೆ ಮುಗಿಯಿತು. ಆದರೆ ತಾನಾಗಿ ಮಾತಾಡಿದರೆ ಸೋತ ಹಾಗಲ್ಲವೇ? ಅದಕ್ಕೇ ಸಿನಿಮಾ!

ಅವರನ್ನು ಹೀರೊ ಆಗಲು ಒಪ್ಪಿಸಿದವಳು ನಾನು. ಹೀರೊಯಿನ್ ಆಗಲು ಕಾರ್ಖಾನೆಯ ಕೆಲವರು ಮುಂದೆ ಬಂದರು. ಒಬ್ಬಳ ನಗು ಜೋರು, ಒಬ್ಬಳ ಜಡೆ ಗಿಡ್ಡ, ಇನ್ನೊಬ್ಬಳು ಮೆಕ್ಯಾನಿಕ್ಕನ್ನು ನೋಡಿದ ರೀತಿಯೇ ಸರಿಯಿಲ್ಲ. “ಏನ್ ಮಾಡೋದು, ನಾನೇ ಮಾಡ್ಬೇಕು,” ಎಂದು ಚಿಕ್ಕಮ್ಮ ನಿಟ್ಟುಸಿರಿಟ್ಟಳು. ಎಷ್ಟು ಕಷ್ಟ ನೋಡಿ!

ಭಾನುವಾರ ಬೆಳಿಗ್ಗೆ ಟೀ ಅಂಗಡಿಯ ಬೆಂಚಿನ ಮೇಲೆ ಶೂಟಿಂಗ್. ಹೀರೊ ಇಸ್ತ್ರಿ ಅಂಗಿಯಲ್ಲಿ ಬಂದರು. ಜೇಬಿನಲ್ಲಿ ಒಂದು ದಾರ ಇಣುಕುತ್ತಿತ್ತು, ತಕ್ಷಣ ಅಲ್ಲಿಗೊಂದು ಬಾಣ ಬಿತ್ತು. ಅವರು ಹೇಳಬೇಕಾದ ಮಾತು ಇಷ್ಟೇ: “ಗೆಳತಿ, ನನ್ನ ತಪ್ಪನ್ನು ಮನ್ನಿಸು.”

ಮೊದಲ ಸಲ ಲಾರಿ ಹಾರ್ನ್ ಹೊಡೆಯಿತು. ಎರಡನೆಯ ಸಲ ಅವರು, “ನನ್ ತಪ್ಪ ಹೊಟ್ಟ್ಯಾಗ ಹಾಕ್ಕೊ,” ಎಂದರು.

“ರಿಜೆಕ್ಟ್! ನಾನ್ ಬರ್ದಿರೋದು ಇಂಗಲ್ಲ!” ಈ ಸಲ ಅವರ ಕೆನ್ನೆಗೇ ಬಾಣ ಅಂಟಿತು.

ಟೀ ಅಂಗಡಿಯವನಿಗೆ ತಡೆಯಲಿಲ್ಲ. “ಅಕ್ಕ, ಈ ಅಣ್ಣ ಸರಿಯಾಗಿ ಕ್ಷಮೆ ಕೇಳೋದ್ರೊಳ್ಗೆ ನನ್ ಹಾಲು ಖಾಲಿ ಆಯ್ತದೆ.”

“ಆಗ್ಲಿ ಬಿಡು. ಸರಿಯಾಗೋವರ್ಗೂ ನಾನಿಲ್ಲಿಂದ ಕದಲಲ್ಲ.”

ಮತ್ತೆ ಮತ್ತೆ ಹೇಳಿಸಿದಳು. ಕೊನೆಗೆ ಅವರು ಮಾತು ಬರೆದಿದ್ದ ಚೀಟಿಯನ್ನು ಬೆಂಚಿನ ಮೇಲಿಟ್ಟರು. “ತಪ್ಪ ಮಾಡಿದ್ರ ಮಾಫಿ ಕೇಳಬಹುದು. ನಾ ಏನ್ ತಪ್ಪ ಮಾಡೀನಿ? ನಮ್ ಕಡೆ ಜೀವಕ್ಕ ಹತ್ತಿರ ಇದ್ದವರಿಗೆ ಯವ್ವಾ ಅಂತೀವಿ. ಸಣ್ಣ ಹುಡುಗಿಗೂ ಅಂತೀವಿ. ನಮ್ಮವ್ವ ಹ್ವಾದ ಮ್ಯಾಲ ನಾ ಹಂಗ ಕರದದ್ದು ನಿನ್ನೊಬ್ಬಾಕಿನ್ನ.”

ಇನ್ನೊಂದು ಸ್ಟಿಕ್ಕರ್ ಬಿಡಿಸುತ್ತಿದ್ದ ಚಿಕ್ಕಮ್ಮನ ಕೈ ಅಲ್ಲೇ ನಿಂತಿತು.

“ಅವತ್ತೇ ಏಳ್ಬಾರ್ದಿತ್ತಾ ಇದ್ನ?”

“ನೀ ನಿಂತಿದ್ರ ಹೇಳ್ತಿದ್ದೆ.”

ನಿರ್ದೇಶಕಿ ‘ಕಟ್’ ಎನ್ನುವುದನ್ನೇ ಮರೆತಿದ್ದಳು. ನಾನು ಫೋನು ಇಳಿಸಿದೆ. ಅದು ಇನ್ನು ನಾನು ತೆಗೆಯುವ ಸಿನಿಮಾ ಆಗಿರಲಿಲ್ಲ.

“ನಾಳಿಗೆ ಬಸ್ ಸ್ಟ್ಯಾಂಡಿಗೆ ಕಳಸಾಕರೆ ಬರ್ತಿಯೇನು?” ಎಂದು ಅವರು ಮೆಲ್ಲಗೆ ಕೇಳಿದರು.

“ಬರಲ್ಲ,” ಎಂದಳು ಚಿಕ್ಕಮ್ಮ.

ನನಗೆ ಸಿಟ್ಟೇ ಬಂತು. ಇಷ್ಟಾದ ಮೇಲೂ ಇದೇನು ಹಟ! ಅಷ್ಟರಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಅಂದಳು:

“ಓಗ್ಬೇಡಿ. ನಿಮ್ಮುನ್ ಬಿಟ್ರೆ ನನ್ ಜೊತೆ ಕೂತ್ಕೊಂಡು ಉಣ್ಣೋರು ಯಾರವ್ರೆ?”

ಯಾರನ್ನೂ ಏನನ್ನೂ ಬೇಡದ ಹೆಂಗಸು ಅದು. ನನ್ನ ಕಣ್ಣು ತುಂಬಿಬಂತು. ಅವರು ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು. ಚಿಕ್ಕಮ್ಮ ಕುಳಿತಳು. ನಾನಿನ್ನೂ ಅಲ್ಲೇ ಇರುವುದು ಆಮೇಲೆ ಅವಳ ಕಣ್ಣಿಗೆ ಬಿತ್ತು.

“ಪುಟ್ಟಿ, ನೀನ್ ಮನೇಗೋಗು. ನಾವಿಬ್ರೂ ನಡ್ಕೊಂಡ್ ಬರ್ತೀವಿ.”