ತಲೆಯ ಸ್ಕ್ಯಾನಿಂಗಿಗೆ ಮೂರು ತಂಬಿಗೆ ನೀರು

ಹತ್ತೊಂಬತ್ತು ವರ್ಷದ ಹಿಂದೆ ಮಗಳು ಕಾವ್ಯಳ ತೊಟ್ಟಿಲು ಮುಟ್ಟಿ ಗಂಡ ಹೆಂಡತಿ ಮಾತು ಕೊಟ್ಟಿದ್ದರು: ಹೊಳಬಸಪ್ಪ ತಂಬಾಕು ಬಿಡಬೇಕು, ತಂಗೆವ್ವ ಹಲ್ಲಿಗೆ ತಿಕ್ಕುವ ತಂಬಾಕಿನ ಮಿಸ್ರಿ ಬಿಡಬೇಕು.

ಹೊಳಬಸಪ್ಪ ಮೂರನೇ ದಿನವೇ ಜಾರಿದ್ದ. ಅವನು ದುಡಿಯುವ ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ನೂಲಿಗೆ ಕಿಡಿ ತಾಗೀತೆಂದು ಬೀಡಿ ಸೇದುವಂತಿಲ್ಲ. ತುಟಿಯೊಳಗಿನ ಚಿಟಿಕೆ ತಂಬಾಕು ಯಾರಿಗೂ ಕಾಣುವುದಿಲ್ಲ. ಆದರೆ ಹೋದ ವಾರ ಹರಿದ ಎಳೆಗೆ ಗಂಟು ಹಾಕುವಾಗ ಬಲಗೈ ಹತ್ತು ನಿಮಿಷ ಸತ್ತಂತೆ ಬಿದ್ದು, ಮತ್ತೆ ತಾನೇ ಎದ್ದಿತು.

"ಮಿದುಳಿಗೆ ರಕ್ತ ಬರೋಬ್ಬರಿ ಹೋಗವಲ್ದು. ಜಮಖಂಡಿಗೆ ಹೋಗಿ ಕುತ್ತಿಗಿ, ತಲಿ ಸ್ಕ್ಯಾನ್ ಮಾಡಸ್ರಿ. ತಡಾ ಮಾಡಿದ್ರ ಲಕ್ವಾ," ಎಂದರು ಊರ ಡಾಕ್ಟರು.

ಓಣಿಗೆ ಸ್ಕ್ಯಾನಿಂಗಿನ ಪಂಡಿತೆ ಎಂದರೆ ಪಕ್ಕದ ಮನೆಯ ಅನಸವ್ವ. ಬಸುರಿ ಸೊಸೆಯಂದಿರನ್ನು ಮೂರು ಸಲ ಕರೆದೊಯ್ದು ಬಂದವಳು. ಬೆಳಿಗ್ಗೆಯೇ ತಂಬಿಗೆ ಹಿಡಿದು ನಿಂತಳು.

"ಕುಡಿಯೋ ತಮ್ಮಾ. ಹೊಟ್ಟ್ಯಾಗ ನೀರ ಇರದಿದ್ರ ಮಷೀನಿಗೆ ಏನೂ ಕಾಣೂದಿಲ್ಲ. ನಡುವ ಒಂದಕ್ಕ ಹೋಗಿ ಬಂದಿ ಅಂದ್ರ ಮತ್ತ ಎಂಟ ದಿನಕ್ಕ ಪಾಳಿ."

"ಅವ್ರು ನೋಡೂದು ತಲಿ, ಯಕ್ಕಾ."

"ತಲಿಯೇನ ಬ್ಯಾರೆ ಊರಾಗೈತೇನು? ಕುಡಿ."

ಮೂರು ತಂಬಿಗೆ ಒಳಗೆ ಹೋಯಿತು.

ಗಂಡ ಹೆಂಡತಿ ಹತ್ತಿದ ಜಮಖಂಡಿಯ ಬಸ್ಸು ಒಂದು ಗುಂಡಿಯನ್ನೂ ಬಿಡಲಿಲ್ಲ. ಅಲ್ಲಿ ಬಸುರಿಯರ ಸಾಲಿನಲ್ಲಿ ಎರಡು ತಾಸು. ಒಳಗೆ ಕರೆಯುವ ಹೊತ್ತಿಗೆ ಹೊಳಬಸಪ್ಪ ಗೇಟು ಎತ್ತದೆ ತುಂಬಿ ನಿಂತ ಹಿಪ್ಪರಗಿ ಬ್ಯಾರೇಜಿನಂತಾಗಿದ್ದ.

ಡಾಕ್ಟರು ಕುತ್ತಿಗೆಗೆ ತಣ್ಣನೆಯ ಜೆಲ್ ಹಚ್ಚಿದರು. ಬಲಕ್ಕೆ ಮಷೀನು ಸುಂಯ್ ಸುಂಯ್ ಎಂದಿತು. ಎಡಕ್ಕೆ ಬಂದಾಗ ಸದ್ದು ಸೀಟಿಯಂತೆ ಕಿರಿದಾಯಿತು. ಮಗ್ಗದ ದೋಷವನ್ನು ಸದ್ದಿನಲ್ಲೇ ಹಿಡಿಯುವವನಿಗೆ ಯಾರೂ ಹೇಳಬೇಕಾಗಲಿಲ್ಲ.

"ಇಲ್ಲಿ ನಾಳ ಸಣ್ಣ ಆಗೇತಿ. ತಂಬಾಕ ತಿಂತೀರೇನು?"

"ಇಲ್ರಿ," ಎಂದು ತಂಗೆವ್ವನೇ ಹೇಳಿದಳು. "ಮಗಳು ಹುಟ್ಟಿದಾಗ ಬಿಟ್ಟಾರ."

"ಹಂಗಾರ ಬ್ಯಾರೆ ಕಾರಣ ಹುಡಕಬೇಕು." ಡಾಕ್ಟರು ಹಣೆಯ ಬದಿಗೆ ಒತ್ತಿದರು. "ಎಲುಬು ದಪ್ಪ. ಸದ್ದು ಒಳಗ ಹೋಗವಲ್ದು. ಇನ್ನ ಅರ್ಧ ತಾಸು ಹಿಡೀತೈತಿ."

"ನನ್ನ ಮಾತೂ ಹೋಗೂದಿಲ್ರಿ," ಎಂದಳು ತಂಗೆವ್ವ.

ಹೊಳಬಸಪ್ಪನ ಬಳಿ ಅರ್ಧ ನಿಮಿಷವೂ ಇರಲಿಲ್ಲ.

"ತಿಂತೇನ್ರಿ ಸರ. ಹತ್ತೊಂಬತ್ತ ವರ್ಷದಿಂದ ಕದ್ದ ತಿಂತೇನಿ. ಕಾರಣ ಸಿಕ್ತಲ್ರಿ, ಬಿಡ್ರಿ ನನ್ನ," ಎಂದವನೇ ಜೆಲ್ ಸೋರಿಸುತ್ತ ಶೌಚಾಲಯಕ್ಕೆ ಓಡಿದ.

ಹೆಂಡತಿಯ ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಮರಳಿದ. ಮಂಚ ಖಾಲಿ ಇರಲಿಲ್ಲ. ತಂಗೆವ್ವ ಮಲಗಿದ್ದಳು, ಕುತ್ತಿಗೆಗೆ ಜೆಲ್. ಮೇಜಿನ ಮೇಲೆ ಮಿಸ್ರಿ ಡಬ್ಬಿ.

"ನೀವು ಖರೆ ಹೇಳಿದ್ರಿ ಅಂತ ನಾನೂ ಹೇಳಿದೆ," ಎಂದಳು ಗೋಡೆ ನೋಡುತ್ತ. "ನನಗೂ ಎರಡ ಸಲ ಕಣ್ಣಿಗೆ ಕತ್ತಲಿ ಬಂದಿತ್ತು."

"ತಲಿ ನೋಡಾಕ ನೀರ ಕುಡೀರಿ ಅಂದವ್ರ್ಯಾರು?" ಎಂದರು ಡಾಕ್ಟರು. "ಹೊರಗ ಕೂಡ್ರಿ. ಇವರದಾದ ಮ್ಯಾಲ ನಿಮ್ದು ಮತ್ತ ಮೊದಲಿಂದ."

ಹೊಳಬಸಪ್ಪ ಬಸುರಿಯರ ಸಾಲಿನ ಕೊನೆಗೆ ಹೋಗಿ ಕುಳಿತ.

ತೊಟ್ಟಿಲು ಮುಟ್ಟಿ ಕೊಟ್ಟ ಮಾತನ್ನು ಇಬ್ಬರೂ ಮುರಿದಿದ್ದರು.